ಸರ್ಕಾರಕ್ಕೆ ನಾನು ಅಂದ ‘ಹೂಂ’

ಪ್ರಜಾಪ್ರಭುತ್ವದಲ್ಲಿ ಲುಂಗಿ ಉಟ್ಟುಕೊಂಡೇ ಭಾಗವಹಿಸಬಹುದು ಎಂಬ ಸುದ್ದಿ ಬಂದ ದಿನ ನನಗಾದ ಆನಂದ ಅಷ್ಟಿಷ್ಟಲ್ಲ. ಮನೆಯಲ್ಲೇ ಕೂತು ಫೋನಿನಲ್ಲಿ ಅಭಿಪ್ರಾಯ ಹೇಳಿದರೆ ಸಾಕು, ಅದನ್ನು ಕೇಳಿಸಿಕೊಂಡು ಸರ್ಕಾರ ತನ್ನ ತೀರ್ಮಾನ ಮಾಡುತ್ತದಂತೆ. ಕಚೇರಿಗೆ ಅಲೆಯಬೇಕಾಗಿಲ್ಲ, ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಮುಖ್ಯವಾಗಿ, ನಮ್ಮ ಕಾಲು ನಡುಗುವುದು ಯಾರಿಗೂ ಕಾಣಿಸುವುದಿಲ್ಲ. ನನ್ನಂಥ ಪುಕ್ಕಲನಿಗೆ ಇನ್ನೇನು ಬೇಕು?

ಹೌದು, ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಕ್ಕರ್ ಕೂಗುವ ಮುಂಚೆಯೇ ಅಡುಗೆಮನೆಯಿಂದ ಆಚೆ ಬಂದುಬಿಡುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಹೆಂಡತಿ ವಸುಧಾಳ ಕೈಗೆ ಕೊಡುತ್ತೇನೆ. ವಿಮಾ ಕಚೇರಿಯಲ್ಲಿ ನನ್ನ ನಿವೃತ್ತಿಯ ದಿನ ‘ಎರಡು ಮಾತಾಡಿ’ ಎಂದು ಮೈಕ್ ಕೊಟ್ಟಾಗ ಎರಡೇ ಮಾತಾಡಿದೆ. ಒಂದು ‘ನಮಸ್ಕಾರ’, ಇನ್ನೊಂದು ‘ನೀರು’.

ಇವೆಲ್ಲ ಸಣ್ಣಪುಟ್ಟ ಹೆದರಿಕೆಗಳು. ದೊಡ್ಡ ಹೆದರಿಕೆಗಳು ಬೇರೆ ಇವೆ. ಮೊದಲನೆಯದು ನಮ್ಮ ಅತ್ತೆ ಸಾವಿತ್ರಮ್ಮನವರು. ಎರಡನೆಯದು ಪಕ್ಕದ ಮನೆಯ ಸೀತಾರಾಮಯ್ಯನವರು, ನಮ್ಮ ಅಡ್ಡರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ಗುಟ್ಟು ಹೇಳಿದರೂ ಮುಂದಿನ ಬ್ಲಾಕಿಗೆ ಕೇಳಿಸುತ್ತದೆ. ಮೂರನೆಯದು ಕರಿಯ. ಕರಿಯ ನಮ್ಮ ಬೀದಿಯ ನಾಯಿ. ಅದು ಇದುವರೆಗೂ ಯಾರನ್ನೂ ಕಚ್ಚಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಸಲ ನನ್ನಿಂದಲೇ ಶುರುಮಾಡಬಾರದು ಎಂದು ಅದಕ್ಕೆ ಯಾರು ಹೇಳಿದ್ದಾರೆ?

ಕರಿಯ ಮಲಗುವುದು ನಮ್ಮ ಮನೆಯ ಎದುರಿಗೆ, ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಅಡಿಯಲ್ಲಿ. ಅದೇ ಬೆಂಚಿನ ಮೇಲೆ ಸಂಜೆಯಾದರೆ ನಮ್ಮ ಅತ್ತೆ ಕೂರುತ್ತಾರೆ. ಅವರ ಮಂಡಿಗಳು ಸವೆದುಹೋಗಿವೆ. ದೇವಸ್ಥಾನ ಬಿಟ್ಟುಹೋಯಿತು, ಫೋರ್ತ್ ಬ್ಲಾಕ್ ಮಾರ್ಕೆಟ್ಟು ಬಿಟ್ಟುಹೋಯಿತು, ನೆಂಟರ ಮನೆ ಬಿಟ್ಟುಹೋಯಿತು. ಕೊನೆಗೆ ಉಳಿದದ್ದು ನಮ್ಮ ಗೇಟಿನಿಂದ ಆ ಬೆಂಚಿನವರೆಗಿನ ರಸ್ತೆ. ಕೋಲೂರಿಕೊಂಡು ಅಷ್ಟು ದೂರ ಹೋಗಿ ಕೂತರೆ ಅಕ್ಕಪಕ್ಕದ ಅಜ್ಜಿಯರೆಲ್ಲ ಬಂದು ಸೇರುತ್ತಾರೆ. ಅಲ್ಲಿ ಕೂತ ದಿನ ಅತ್ತೆ ಮಂಡಿನೋವು ಮರೆಯುತ್ತಾರೆ. ಕೂರದ ದಿನ ಮನೆಯಲ್ಲಿರುವ ಎಲ್ಲರಿಗೂ ಮಂಡಿನೋವು ಏನೆಂದು ತಿಳಿಯುತ್ತದೆ.

ಹೀಗಿರುವಾಗ ಒಂದು ದಿನ ಸೀತಾರಾಮಯ್ಯನವರು ಗೇಟಿನ ಹತ್ತಿರ ನಿಂತು ಗುಡುಗಿದರು.

“ಶ್ರೀಕಂಠಯ್ಯನೋರೇ, ಕೇಳಿದ್ರಾ? ಹೊಂಗೆಮರದ ಕೆಳಗೆ ಕಸ ತಂದು ಸುರೀತಾರಂತೆ!”

ವಿಷಯ ಇಷ್ಟು. ಕಸದ ಆಟೋಗಳು ಮನೆಮನೆ ಸುತ್ತಿ ತಂದ ಕಸವನ್ನು ದೊಡ್ಡ ಲಾರಿಗೆ ತುಂಬಲು ನಮ್ಮ ವಾರ್ಡಿನಲ್ಲಿ ಒಂದು ಜಾಗ ಬೇಕಾಗಿತ್ತು. ಗುರುತು ಮಾಡಿದ್ದ ಕೆಲವು ಜಾಗಗಳಲ್ಲಿ ನಮ್ಮ ಹೊಂಗೆಮರದ ಅಡಿಯೂ ಒಂದು. ಎಲ್ಲಿ ಮಾಡಬೇಕೆಂದು ಜನರನ್ನೇ ಕೇಳಿ ತೀರ್ಮಾನಿಸುತ್ತಾರಂತೆ. ಅದಕ್ಕಾಗಿ ‘ಆಲಿಸು’ ಎಂಬ ಹೊಸ ಸೇವೆ ಬಂದಿತ್ತು. ನಾವು ಒಂದು ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ನಮಗೆ ಫೋನ್ ಮಾಡಿ, ಶುದ್ಧ ಕನ್ನಡದಲ್ಲಿ ಮಾತಾಡಿ, ನಮ್ಮ ಉತ್ತರವನ್ನು ಬರೆದುಕೊಳ್ಳುತ್ತದೆ.

“ನೀವು ಸಂಘದ ಕಾರ್ಯದರ್ಶಿ. ಸಂಘದ ಪರವಾಗಿ ನಿಮ್ಮ ನಂಬರೇ ಅವರಿಗೆ ಕೊಟ್ಟಿದೀನಿ. ನೀವು ಹೇಳಿದ್ದು ಇಡೀ ರಸ್ತೆ ಹೇಳಿದ ಹಾಗೆ. ಖಡಾಖಂಡಿತವಾಗಿ ‘ಬೇಡ’ ಅನ್ಬೇಕು, ಗೊತ್ತಾಯ್ತಾ?” ಎಂದರು ಸೀತಾರಾಮಯ್ಯ.

ನಾನು ಕಾರ್ಯದರ್ಶಿಯಾದದ್ದು ಹೇಗೆಂದು ನೀವು ಕೇಳಬಹುದು. ಹಿಂದೊಂದು ದಿನ ಇದೇ ಗೇಟಿನ ಹತ್ತಿರ ಇವರು ಏನೋ ಬಹಳ ಹೊತ್ತು ಹೇಳುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಮೆಲ್ಲಗೆ ಬರುತ್ತಿದ್ದ ಕರಿಯನನ್ನೇ ನೋಡುತ್ತ ‘ಹೂಂ, ಹೂಂ’ ಅನ್ನುತ್ತಿದ್ದೆ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ನಾನು ಕಾರ್ಯದರ್ಶಿ.

ಈ ಹೂಂ ನನಗೆ ಬಾಲ್ಯದಲ್ಲೇ ಅಂಟಿದ್ದು. ಅಜ್ಜಿ ಕಥೆ ಹೇಳುವಾಗ ಮಧ್ಯೆ ಮಧ್ಯೆ ಹೂಂಗುಟ್ಟುತ್ತಿರಬೇಕಿತ್ತು. ಹೂಂ ನಿಂತರೆ ಹುಡುಗರು ಮಲಗಿದರು ಎಂದು ಅಜ್ಜಿ ಕಥೆಯನ್ನೂ ನಿಲ್ಲಿಸುತ್ತಿದ್ದಳು. ನಮ್ಮ ಕಡೆ ಹೂಂ ಎಂದರೆ ‘ಒಪ್ಪಿದೆ’ ಎಂದೂ ಆಗುತ್ತದೆ, ‘ಇಲ್ಲೇ ಇದ್ದೇನೆ, ಮುಂದೆ ಹೇಳಿ’ ಎಂದೂ ಆಗುತ್ತದೆ. ಯಾವ ಹೂಂ ಯಾವುದು ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ಯಂತ್ರಕ್ಕೆ ಮಾತ್ರ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಿಸ್ಡ್ ಕಾಲ್ ಕೊಟ್ಟು ಫೋನ್ ಬರುವ ಹೊತ್ತಿಗೆ ನಾನು ಸಕಲ ಸಿದ್ಧತೆ ಮಾಡಿಕೊಂಡಿದ್ದೆ. ಭಾಷಣ ಬಾಯಿಪಾಠವಾಗಿತ್ತು. ಅತ್ತೆ ಬಂದು ಎದುರಿಗೆ ಕುರ್ಚಿಯಲ್ಲಿ ಕೂತರು.

“ಅಳಿಯಂದ್ರೇ, ನನ್ನ ಬೆಂಚು ಹೋದ್ರೆ ನಾನು ಈ ನಾಲ್ಕು ಗೋಡೆ ಮಧ್ಯೆನೇ. ಸ್ವಲ್ಪ ಗಟ್ಟಿಯಾಗಿ ಮಾತಾಡಿ,” ಎಂದರು. ಎಂದೂ ನನ್ನ ಹತ್ತಿರ ಏನನ್ನೂ ಕೇಳದ ಹೆಂಗಸು. ಆ ಮಾತು ಕೇಳಿ ನನಗೆ ಹೆದರಿಕೆಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಫೋನ್ ಬಂತು. ಸರ್ಕಾರವಲ್ಲವೇ, ನಾನು ಎದ್ದು ನಿಂತೆ. ಚಪ್ಪಲಿಯನ್ನೂ ಬಿಟ್ಟೆ.

“ನಮಸ್ಕಾರ, ಮಾನ್ಯ ನಾಗರಿಕರೇ,” ಎಂದಿತು ಒಂದು ಹೆಣ್ಣುದನಿ. “ತಮ್ಮ ವಾರ್ಡಿನಲ್ಲಿ ಕಸ ವರ್ಗಾವಣೆ ತಾಣವನ್ನು ಸ್ಥಾಪಿಸಲು ಉದ್ದೇಶಿಸಲಾಗಿದೆ.”

“ಹೂಂ.”

“ಹೊಂಗೆಮರದ ಬಳಿಯ ಸ್ಥಳವನ್ನು ಇದಕ್ಕಾಗಿ ಪರಿಗಣಿಸಲಾಗಿದೆ.”

“ಹೂಂ, ಹೂಂ.”

“ಇದಕ್ಕೆ ತಮ್ಮ ಸಂಘದ ಸಮ್ಮತಿ ಇರುವುದೇ ಎಂಬುದನ್ನು ತಿಳಿಯಲು ಬಯಸುತ್ತೇವೆ.”

ತಿಳಿಯಲು ಬಯಸಲಿ, ಪಾಪ. ಆಕೆ ಎಲ್ಲ ಹೇಳಿ ಮುಗಿಸಿದ ಮೇಲೆ ನನ್ನ ಸರದಿ ಬರುತ್ತದೆ ಎಂದುಕೊಂಡು “ಹೂಂ” ಅಂದೆ.

“ಈ ವಿಷಯದ ಸಾರ್ವಜನಿಕ ಸಭೆಯಲ್ಲಿ ತಾವು ಖುದ್ದಾಗಿ ಮಾತನಾಡಬಹುದು. ಧನ್ಯವಾದಗಳು.”

ಧನ್ಯವಾದ ಹೇಳಿದವರಿಗೆ ಏನಾದರೂ ಹೇಳಬೇಕಲ್ಲ. “ಸರಿ ಮೇಡಂ, ಬರ್ತೀನಿ,” ಎಂದುಬಿಟ್ಟೆ. ನಾಲಿಗೆ ತಾನಾಗಿ ಹೇಳಿತು. ಹೇಳಿದ ಮೇಲೆ ನನ್ನ ಭಾಷಣ ನೆನಪಾಯಿತು. “ಒಂದ್ನಿಮಿಷ, ಒಂದ್ನಿಮಿಷ,” ಎಂದು ಗಂಟಲು ಸರಿಮಾಡಿಕೊಂಡು ಶುರುಹಚ್ಚಿಕೊಂಡೆ. ಹಿರಿಯರ ಸಂಜೆಯ ಬಗ್ಗೆ ಹೇಳಿದೆ, ಹೊಂಗೆಯ ನೆರಳಿನ ಬಗ್ಗೆ ಹೇಳಿದೆ, ನಾಗರಿಕರ ಹಕ್ಕಿನ ಬಗ್ಗೆ ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅತ್ತ ಕಡೆಯಿಂದ ಒಂದು ಅಡ್ಡಮಾತಿಲ್ಲ. ಸರ್ಕಾರ ಇಷ್ಟು ಮೌನವಾಗಿ ನನ್ನ ಮಾತು ಕೇಳುತ್ತಿದೆಯಲ್ಲ ಎಂದು ಕಣ್ಣು ತುಂಬಿ ಬಂತು. “ಬೇಡ, ಬೇಡ, ಖಂಡಿತಾ ಬೇಡ!” ಎಂದು ಮುಗಿಸಿದಾಗ ವಸುಧಾ ಅಡುಗೆಮನೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಫೋನ್ ಕಿವಿಯಿಂದ ತೆಗೆದು ನೋಡಿದೆ. ಕಾಲ್ ಯಾವಾಗಲೋ ಕಟ್ಟಾಗಿತ್ತು.

ಅಷ್ಟರಲ್ಲಿ ಮೆಸೇಜ್ ಬಂತು. ‘ಹೊಂಗೆಮರದ ತಾಣಕ್ಕೆ ತಮ್ಮ ಸಂಘ ನೀಡಿದ ಪೂರ್ಣ ಸಮ್ಮತಿಗೆ ವಂದನೆಗಳು. ಸಾರ್ವಜನಿಕ ಸಭೆಯಲ್ಲಿ ಯೋಜನೆಯ ಪರವಾಗಿ ಮಾತನಾಡಲು ಬರುವುದಾಗಿ ತಿಳಿಸಿದ್ದೀರಿ. ತಮಗೆ ಸ್ವಾಗತ.’

ಫೋನನ್ನು ಬೋರಲು ಹಾಕಿದೆ. ‘ಏನಂತ ಬಂತು?’ ಎಂದು ವಸುಧಾ ಕೇಳಿದಳು. ‘ಥ್ಯಾಂಕ್ಸ್ ಅಂತ,’ ಎಂದೆ. ಅದು ಸುಳ್ಳಲ್ಲ.

ಸಂಜೆ ಕಿಟಕಿಯಿಂದ ನೋಡಿದರೆ ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಸುತ್ತಲೂ ಅಜ್ಜಿಯರು, ಕೆಳಗೆ ಕರಿಯ. ಅತ್ತೆಯ ಮಾತು ರಸ್ತೆ ದಾಟಿ ಕೇಳಿಸುತ್ತಿತ್ತು. “ನಮ್ಮ ಅಳಿಯಂದ್ರು ನೋಡೋಕೆ ಹಾಗಿದಾರೆ ಅಷ್ಟೇ ಕಣ್ರೇ. ಸರ್ಕಾರಕ್ಕೇ ಬೇಡ ಅಂದ್ರು. ನಾನು ಕಣ್ಣಾರೆ ಕಂಡೆ.” ಮೂವತ್ತು ವರ್ಷಗಳಲ್ಲಿ ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಪರದೆ ಎಳೆದುಕೊಂಡು ಹಾಸಿಗೆಯ ಮೇಲೆ ಕೂತೆ.

ಮಾರನೆಯ ದಿನ ಸೀತಾರಾಮಯ್ಯನವರು ಕೆಂಡವಾಗಿ ಬಂದರು. ‘ಆಲಿಸು’ವಿನವರು ವಾರ್ಡಿನ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದರು. ವಿರೋಧ ಇರುವ ಜಾಗ ಕೆಂಪು, ಸಮ್ಮತಿ ಇರುವ ಜಾಗ ಹಸಿರು. ನಮ್ಮ ಹೊಂಗೆಮರ ಹಚ್ಚಹಸಿರಾಗಿತ್ತು.

“ನಮ್ಮೋರಲ್ಲೇ ಯಾವನೋ ದ್ರೋಹಿ ಇದಾನೆ ಕಣ್ರೀ. ಯಾರು ಅಂತ ಕಂಡುಹಿಡೀದೆ ಬಿಡಲ್ಲ.”

“ಹಿಡೀಲೇಬೇಕು ಸಾರ್,” ಎಂದೆ ನಾನು, ಗೇಟಿನ ಚಿಲಕ ಹಿಡಿದುಕೊಂಡು. “ಇಂಥೋರನ್ನ ಬಿಡಬಾರದು.”

ಇನ್ನು ತಡಮಾಡಿದರೆ ಉಳಿಗಾಲವಿಲ್ಲ ಎನಿಸಿತು. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು, ಶಬ್ದ ಆಚೆ ಹೋಗದಿರಲೆಂದು ನಲ್ಲಿ ಬಿಟ್ಟು, ಮತ್ತೆ ಮಿಸ್ಡ್ ಕಾಲ್ ಕೊಟ್ಟೆ. ಈ ಸಲ ಹೂಂ ಎನ್ನಬಾರದೆಂದು ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

“ನಮಸ್ಕಾರ. ತಾವು ಈಗಾಗಲೇ ಸಮ್ಮತಿ ನೀಡಿದ್ದೀರಿ. ಅದನ್ನು ಬದಲಿಸಬೇಕೇ?”

ಟವೆಲ್ ತೆಗೆದು, ಬೇಕೆಂದೇ, ಘಂಟಾಘೋಷವಾಗಿ “ಹೂಂ!” ಎಂದೆ. ನನ್ನ ಜೀವನದಲ್ಲಿ ನಾನು ಅರ್ಥ ತಿಳಿದು ಹೇಳಿದ ಹೂಂ ಅದೊಂದೇ ಇರಬೇಕು.

“ತಮ್ಮ ಸಮ್ಮತಿಯನ್ನು ಬದಲಿಸಲಾಗುತ್ತಿದೆ.”

ಅಬ್ಬಾ! ಜೀವ ಬಂದ ಹಾಗಾಯಿತು. ಆ ನೆಮ್ಮದಿಯಲ್ಲಿ ಗೋಡೆಗೆ ಒರಗಿದೆ. ಟವೆಲ್ ಕೆಳಗೆ ಬಿತ್ತು.

“ಬದಲಾವಣೆಯನ್ನು ರದ್ದುಪಡಿಸಿ ಹಿಂದಿನ ಸಮ್ಮತಿಯನ್ನೇ ಉಳಿಸಿಕೊಳ್ಳುವ ಅವಕಾಶವೂ ತಮಗಿದೆ.”

“ಹೂಂ.”

“ಹಿಂದಿನ ಸಮ್ಮತಿಯನ್ನೇ ಉಳಿಸಿಕೊಳ್ಳಲಾಗಿದೆ. ಧನ್ಯವಾದಗಳು.”

“ಅಯ್ಯೋ, ಅಲ್ಲ ಮೇಡಂ… ಸರಿ ಮೇಡಂ, ಬರ್ತೀನಿ.”

ಹೊರಡುವಾಗ ‘ಹೋಗ್ತೀನಿ’ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ, ಏನು ಮಾಡಲಿ? ಚಿಕ್ಕಂದಿನಲ್ಲಿ ಒಮ್ಮೆ ಹಾಗಂದು ಅಮ್ಮನ ಕೈಲಿ ಬೈಸಿಕೊಂಡಿದ್ದೆ. ಮೆಸೇಜ್ ಬಂತು. ‘ಸಮ್ಮತಿಯನ್ನೂ ಹಾಜರಾತಿಯನ್ನೂ ಎರಡನೆಯ ಬಾರಿ ಖಚಿತಪಡಿಸಿದ ತಮ್ಮ ಉತ್ಸಾಹ ಶ್ಲಾಘನೀಯ. ಸಭೆಯಲ್ಲಿ ಮೊದಲು ತಾವೇ ಮಾತನಾಡುವಿರಿ.’

ಬಾಗಿಲು ತೆಗೆದರೆ ಎದುರಿಗೆ ವಸುಧಾ.

“ರೀ, ನಲ್ಲಿ ಬಿಟ್ಕೊಂಡು ಬಚ್ಚಲಲ್ಲಿ ಯಾವ ಮೇಡಂ ಜೊತೆ ಮಾತಾಡ್ತಿದ್ರಿ?”

ಈಗ ಹೊಸ ಹೆದರಿಕೆ ಹುಟ್ಟಿಕೊಂಡಿತು. ಎಲ್ಲವನ್ನೂ ಒಪ್ಪಿಸಿಬಿಡುವುದೇ ಕ್ಷೇಮ ಎನಿಸಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆಕೆ ಒಳಗೆ ಹೋಗಿ ನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಂದ್ರೆ, ನಾನು ಹೇಳಿದ್ದಕ್ಕೆಲ್ಲ ಇಷ್ಟು ವರ್ಷ ಹೂಂ ಅಂದಿದ್ರಲ್ಲ, ಅದೂ ಹೀಗೇನಾ?”

“ಹೂಂ,” ಎಂದೆ.

ಆ ದಿನ ಮಧ್ಯಾಹ್ನ ಊಟಕ್ಕೆ ನಾನೇ ಬಡಿಸಿಕೊಂಡೆ. ಅತ್ತೆಗೆ ಮಾತ್ರ ತಾನು ಹೇಳುವುದಿಲ್ಲ, ನೀವೇ ಹೇಳಿ ಎಂದು ವಸುಧಾ ಕಡ್ಡಿ ಮುರಿದಂತೆ ಹೇಳಿದಳು. ಹೇಳಬೇಕೆಂದು ದಿನವೂ ಅವರ ಕೋಣೆಯ ಬಾಗಿಲವರೆಗೆ ಹೋಗುತ್ತಿದ್ದೆ. “ಬನ್ನಿ ಅಳಿಯಂದ್ರೇ,” ಎಂದು ಅವರು ನಗುತ್ತ ಕರೆದ ಕೂಡಲೇ “ಕಾಫಿ ಬೇಕಾ ಅಂತ ಕೇಳೋಕೆ ಬಂದೆ” ಎನ್ನುತ್ತಿದ್ದೆ. ಸಭೆಯ ದಿನ ಬರುವಷ್ಟರಲ್ಲಿ ಅತ್ತೆಗೆ ಕಾಫಿ ಹೆಚ್ಚಾಗಿ ನಿದ್ದೆಯೇ ಬಾರದಾಗಿತ್ತು.

ಸಭೆಯ ಬೆಳಿಗ್ಗೆ ಜ್ವರ ಎಂದು ಮುಸುಕು ಹಾಕಿಕೊಂಡೆ. ವಸುಧಾ ಥರ್ಮಾಮೀಟರ್ ಇಟ್ಟು ನೋಡಿ, “ಏಳಿ, ಶರ್ಟ್ ಇಸ್ತ್ರಿ ಮಾಡಿಟ್ಟಿದೀನಿ,” ಎಂದಳು. ಹೊರಗೆ ನೋಡಿದರೆ ಅತ್ತೆ ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಕೂತಾಗಿತ್ತು. ಅಳಿಯನ ಭಾಷಣ ಇನ್ನೊಮ್ಮೆ ಕೇಳುವ ಆಸೆ. ಮಂಡಿನೋವನ್ನೂ ಲೆಕ್ಕಿಸದೆ ಹೊರಟಿದ್ದರು. ಅವರ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಆಟೋ ಕೆಟ್ಟುನಿಲ್ಲಲಿ ಎಂದು ಬೇಡಿಕೊಂಡೆ. ಅದು ಒಂದು ಸಿಗ್ನಲ್ಲಿನಲ್ಲೂ ನಿಲ್ಲಲಿಲ್ಲ.

ಸಮುದಾಯ ಭವನ ತುಂಬಿತ್ತು. ನಮ್ಮ ರಸ್ತೆಯವರೆಲ್ಲ ಒಂದೇ ಕಡೆ ಕೂತಿದ್ದರು. ವೇದಿಕೆಯ ಮೇಲೆ ದೊಡ್ಡ ಪರದೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ಹೊಂಗೆಮರದ ತಾಣದ ಪರವಾಗಿ: ಶ್ರೀಕಂಠಯ್ಯ’ ಎಂದು ಮೂಡಿತು. ಸೀತಾರಾಮಯ್ಯನವರು ಅದನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

“ನಿಮ್ಮ ಹೆಸರಿನೋರು ವಾರ್ಡಲ್ಲಿ ಇನ್ನೊಬ್ರು ಇದಾರಾ?”

“ಹೂಂ.”

“ಅವರೂ ನಮ್ಮ ಸಂಘಕ್ಕೇ ಕಾರ್ಯದರ್ಶಿನಾ?”

ಉತ್ತರ ಕೊಡುವ ಮೊದಲೇ ವೇದಿಕೆಯಿಂದ ಕರೆ ಬಂತು. ಸಭೆ ನಡೆಸುತ್ತಿದ್ದ ಅಧಿಕಾರಿ ಒಬ್ಬ ಹೆಣ್ಣುಮಗಳು, ಧಾರವಾಡದ ಕಡೆಯವರು. “ಬರ್ರಿ ಸರ, ಬರ್ರಿ. ಎಲ್ಲಾರಕಿಂತ ಭಾಳ ಉತ್ಸಾಹ ತೋರ್ಸಿದವ್ರು ನೀವು. ಎರಡೆರಡು ಸಲ ಬರ್ತೀನಿ ಅಂದೀರಿ,” ಎಂದು ಮೈಕ್ ನನ್ನ ಕೈಗೆ ಕೊಟ್ಟರು.

ಎದುರಿಗೆ ಮೊದಲ ಸಾಲಿನಲ್ಲಿ ಅತ್ತೆ, ಕೋಲಿನ ಮೇಲೆ ಎರಡೂ ಕೈಯಿಟ್ಟು, ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಇನ್ನೂ ನಂಬಿಕೆ ಇತ್ತು. ಪರದೆಯ ಅಕ್ಷರ ಅವರಿಗೆ ಕಾಣಿಸುವುದಿಲ್ಲ, ದೂರದ ನೋಟ ಮಂದ. ಓಡಿಹೋಗಬೇಕು ಎನಿಸಿತು. ಬಾಗಿಲ ಹತ್ತಿರ ಸೀತಾರಾಮಯ್ಯನವರು ಆಗಲೇ ಹೋಗಿ ನಿಂತಿದ್ದರು.

“ನಮಸ್ಕಾರ,” ಎಂದೆ. ‘ನೀರು’ ಎಂಬುದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. “ಮೇಡಂ, ನಾನು ಬರ್ತೀನಿ ಅಂದಿದ್ದು… ಹೋಗ್ತೀನಿ ಅನ್ನೋ ಅರ್ಥದಲ್ಲಿ.”

ಅಧಿಕಾರಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

“ಹೂಂ ಅಂದಿದ್ದು, ಕೇಳಿಸ್ಕೋತಿದೀನಿ ಅನ್ನೋ ಅರ್ಥದಲ್ಲಿ. ನಂಗೆ ಒಪ್ಪಿಗೆ ಇಲ್ಲ ಮೇಡಂ. ಆ ಬೆಂಚು ನಮ್ಮ ಅತ್ತೆದು. ಅದು ಹೋದ್ರೆ ಅವರಿಗೆ ಹೋಗೋಕೆ ಬೇರೆ ಜಾಗನೇ ಇಲ್ಲ. ತಪ್ಪು ನಂದೇ. ಅತ್ತೆ, ಕ್ಷಮಿಸಿ. ನಾನು ಆವತ್ತು ಭಾಷಣ ಮಾಡಿದ್ದು ಕಟ್ಟಾದ ಫೋನಿಗೆ.”

ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ಹಣೆ ಗಂಟಿಕ್ಕಿ, ‘ರೆಕಾರ್ಡಿಂಗ್ ಹಚ್ಚರಿ’ ಎಂದು ಪಕ್ಕದವರಿಗೆ ಹೇಳಿದರು. ಇಡೀ ಭವನಕ್ಕೆ ನನ್ನ ದನಿ ಕೇಳಿಸಿತು. ಹೂಂ. ಹೂಂ, ಹೂಂ. ಹೂಂ. ಸರಿ ಮೇಡಂ, ಬರ್ತೀನಿ.

“ಬರ್ತೀನಿ ಅಂದದ್ದು ಸರಿ, ಹೊರಡೂ ಮುಂದ ನಾವೂ ಹಂಗ ಅಂತೀವಿ,” ಎಂದರು ಅಧಿಕಾರಿ. “ಆದ್ರ ಇವು ಒಪ್ಪಿಗಿ ಹೂಂ ಅಲ್ಲ ಅಂತ ನಾ ಹೆಂಗ ನಂಬಲ್ರೀ?”

ಆಗ ಅತ್ತೆ ಕೋಲೂರಿಕೊಂಡು ಎದ್ದು ನಿಂತರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

“ನಾನು ಹೇಳ್ತೀನಮ್ಮ. ಈ ಹೂಂ ನಂಗೆ ಚೆನ್ನಾಗಿ ಗೊತ್ತು. ಒಪ್ಪಿದ ಹೂಂ ಸ್ವಲ್ಪ ಮೇಲಕ್ಕೆ ಹೋಗುತ್ತೆ. ಇದು ನೆಲದ ಮೇಲೇ ಮಲಗಿದೆ. ನಂಬಿಕೆ ಇಲ್ಲಾಂದ್ರೆ ಈಗಲೇ ನೋಡು.” ಹೀಗೆಂದು ನನ್ನ ಕಡೆ ತಿರುಗಿ ತೀರಾ ಮಾಮೂಲಿ ದನಿಯಲ್ಲಿ ಹೇಳಿದರು. “ಅಳಿಯಂದ್ರೇ, ನಾಳೆ ಬೆಳಿಗ್ಗೆ ನಾನು ಕಾಶಿಗೆ ನಡ್ಕೊಂಡು ಹೋಗ್ತಾ ಇದೀನಿ.”

“ಹೂಂ,” ಎಂದೆ ನಾನು, ಮೈಕಿನಲ್ಲಿ.

ಭವನ ಬಿದ್ದು ಬಿದ್ದು ನಕ್ಕಿತು. ಬಾಗಿಲ ಹತ್ತಿರದ ಸೀತಾರಾಮಯ್ಯನವರು ಗೋಡೆ ಹಿಡಿದುಕೊಂಡು ನಕ್ಕರು. ಅಧಿಕಾರಿ ನಗು ತಡೆದುಕೊಂಡು, ಉಳಿದ ಜಾಗಗಳಿಗೆ ಸಿಕ್ಕಿದ್ದ ಸಮ್ಮತಿಗಳನ್ನೂ ಹಾಕಿಸಿ ಕೇಳಿದರು. ಎಲ್ಲವೂ ಹೂಂಗಳೇ. ಒಬ್ಬರ ಹೂಂ ಹಿಂದೆ ಕುಕ್ಕರ್ ಕೂಗುತ್ತಿತ್ತು. ಇನ್ನೊಬ್ಬರು ‘ಹೂಂ, ಹೂಂ’ ನಡುವೆ ‘ಹಾಲು ಉಕ್ತಾ ಇದೆ ನೋಡೇ’ ಎಂದಿದ್ದರು. ಇಡೀ ವಾರ್ಡಿನ ಜನಾಭಿಪ್ರಾಯವೇ ಹೂಂಗುಟ್ಟಿದ್ದು ಎಂದು ಗೊತ್ತಾದ ಮೇಲೆ ಅಷ್ಟನ್ನೂ ರದ್ದುಮಾಡಿ, ಎಲ್ಲರನ್ನೂ ಮತ್ತೆ ಕೇಳುವುದೆಂದು ತೀರ್ಮಾನವಾಯಿತು. ಕೊನೆಗೆ ಆ ತಾಣ, ಎದುರಿಗೆ ಒಂದು ಮನೆಯೂ ಇಲ್ಲದ ಹಳೆಯ ಪಂಪ್‌ಹೌಸಿನ ಪಕ್ಕಕ್ಕೆ ಹೋಯಿತು.

ಈಗ ಆ ಯಂತ್ರ ಮೊದಲಿಗೇ ಹೇಳುತ್ತದೆ: ‘ಮಾನ್ಯರೇ, ದಯವಿಟ್ಟು ಹೂಂ ಎನ್ನಬೇಡಿ. ಒಪ್ಪಿದೆ ಅಥವಾ ಬೇಡ ಎಂದು ಹೇಳಿ.’ ಸರ್ಕಾರದ ನೀತಿ ನಿರೂಪಣೆಗೆ ನಾನು ಸಲ್ಲಿಸಿದ ಏಕೈಕ ಕೊಡುಗೆ ಈ ಒಂದು ವಾಕ್ಯ. ಅದನ್ನು ಕೇಳಿದವರೆಲ್ಲ ತಕ್ಷಣ ‘ಹೂಂ’ ಅನ್ನುತ್ತಾರಂತೆ.

ಆ ದಿನ ಸಭೆಯಿಂದ ಮೂವರೂ ಆಟೋದಲ್ಲೇ ವಾಪಸ್ ಬಂದೆವು. ಗೇಟಿನ ಮುಂದೆ ಇಳಿದ ಮೇಲೆ ಅತ್ತೆ ಏನೋ ಹೇಳಿದರು. ನಾನು ಎದುರಿನ ಬೆಂಚಿನ ಕೆಳಗೆ ಎದ್ದು ಮೈಮುರಿಯುತ್ತಿದ್ದ ಕರಿಯನನ್ನು ನೋಡುತ್ತ “ಹೂಂ” ಅಂದೆ.

“ನಾನು ಸಾಕ್ಷಿ,” ಎಂದಳು ವಸುಧಾ. “ಇನ್ಮೇಲೆ ದಿನಾ ಸಂಜೆ ಅಮ್ಮನ್ನ ಕೈಹಿಡ್ಕೊಂಡು ಬೆಂಚಿನ ತನಕ ಕರ್ಕೊಂಡು ಹೋಗೋದು ನೀವೇ. ಈಗ ತಾನೇ ಒಪ್ಪಿದ್ರಿ.”

ಅಂದಿನಿಂದ ದಿನವೂ ಸಂಜೆ ನಾವಿಬ್ಬರೂ ಕೈಕೈ ಹಿಡಿದು ರಸ್ತೆ ದಾಟುತ್ತೇವೆ. ಅತ್ತೆಯನ್ನು ಎಷ್ಟು ಜೋಪಾನವಾಗಿ ಕರೆದುಕೊಂಡು ಹೋಗುತ್ತಾರೆ ನೋಡಿ ಎಂದು ಸೀತಾರಾಮಯ್ಯನವರೂ ಹೊಗಳುತ್ತಾರೆ. ಬೆಂಚು ಹತ್ತಿರವಾಗುತ್ತಿದ್ದಂತೆ ಅತ್ತೆ ನನ್ನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದು, ಕೋಲನ್ನು ನನಗೂ ಕರಿಯನಿಗೂ ನಡುವೆ ಅಡ್ಡ ಇಟ್ಟು, “ಏನೂ ಮಾಡಲ್ಲ, ಬನ್ನಿ ಅಳಿಯಂದ್ರೇ,” ಎಂದು ಮೆಲ್ಲಗೆ ಹೇಳುತ್ತಾರೆ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದಾರೆ ಎಂಬುದು ಕರಿಯನಿಗೆ ಮಾತ್ರ ಗೊತ್ತು.